ಎಂಟನೇ ತಿಂಗಳಲ್ಲಿ ಮಾತ್ರೆ ಸಾಲದು

ಎಂಟನೇ ತಿಂಗಳ ಬಸುರಿಯ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 7.5 ಎಂದು ಬರೆದು, ಕೆಂಪು ಮಾತ್ರೆ ಕೊಟ್ಟು ಕಳಿಸಿದರೆ ಅದು ಚಿಕಿತ್ಸೆ ಆಗುವುದಿಲ್ಲ. ಕಬ್ಬಿಣಾಂಶದ ಮಾತ್ರೆ ಚೆನ್ನಾಗಿ ಮೈಗೆ ಹತ್ತಿದರೂ ಒಂದು ಗ್ರಾಂ ಹಿಮೋಗ್ಲೋಬಿನ್ ಏರಲು ಮೂರು-ನಾಲ್ಕು ವಾರ ಬೇಕು. 7.5 ಇದ್ದದ್ದು ಗರ್ಭಿಣಿಗೆ ಇರಬೇಕಾದ 11ಕ್ಕೆ ಮುಟ್ಟಲು ಹತ್ತಿರ ಹತ್ತಿರ ಮೂರು ತಿಂಗಳು ಹಿಡಿಯುತ್ತದೆ. ಹೆರಿಗೆಗೆ ಉಳಿದಿರುವುದು ಆರೇಳು ವಾರ. ಅಂದಮೇಲೆ ರಕ್ತ ಎಷ್ಟಿದೆ ಎಂಬುದರ ಜೊತೆಗೆ ದಿನ ಎಷ್ಟು ಉಳಿದಿದೆ ಎಂಬುದನ್ನೂ ನೋಡಿ ಚಿಕಿತ್ಸೆ ಆರಿಸಬೇಕು. ಇದು ಬೆರಳೆಣಿಕೆಯ ಮಂದಿಯ ಪ್ರಶ್ನೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು, ಕರ್ನಾಟಕದಲ್ಲಿ ಶೇ. 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. 180 ದಿನ ಮಾತ್ರೆ ನುಂಗಿದವರು ದೇಶದಲ್ಲಿ ಕಾಲುಭಾಗದಷ್ಟು ಮಾತ್ರ.

ಬಸುರಿನಲ್ಲಿ ರಕ್ತ ತೆಳುವಾಗುವುದು ಸಹಜ, ಅದಕ್ಕೇಕೆ ಗಾಬರಿ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಅರ್ಧ ನಿಜವಿದೆ. ರಕ್ತದ ದ್ರವಭಾಗ ಶೇ. 40-50ರಷ್ಟು ಹೆಚ್ಚಿದರೆ ಕೆಂಪುಕಣಗಳು ಹೆಚ್ಚುವುದು ಶೇ. 20-30ರಷ್ಟು. ಗರ್ಭಿಣಿಗೆ 12ರ ಬದಲು 11ರ ಗಡಿ ಇಟ್ಟಿರುವುದೇ ಈ ಕಾರಣಕ್ಕೆ. ಆದರೆ ಬರೀ ತೆಳುವಾಗುವುದರಿಂದ ಹಿಮೋಗ್ಲೋಬಿನ್ ಏಳೆಂಟಕ್ಕೆ ಇಳಿಯುವುದಿಲ್ಲ. ಅಲ್ಲಿ ಕಬ್ಬಿಣವೇ ಮುಗಿದಿರುತ್ತದೆ. ಒಂದು ಬಸುರಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು, ಅದರಲ್ಲಿ ಹೆಚ್ಚಿನದು ಕೊನೆಯ ತಿಂಗಳುಗಳಲ್ಲೇ. ಅನ್ನ, ಮುದ್ದೆ, ಬೇಳೆಸಾರಿನ ಊಟದಿಂದ ಕರುಳು ಹೀರಿಕೊಳ್ಳುವ ಕಬ್ಬಿಣ ಅಲ್ಪ; ಉಂಡ ಕೂಡಲೇ ಚಹಾ ಕುಡಿದರೆ ಅದೂ ಇಳಿಯುತ್ತದೆ. ಸೊಪ್ಪು ತಿನ್ನಲಿ, ಒಳ್ಳೆಯದೇ, ಆದರೆ ಆರು ವಾರದಲ್ಲಿ ಆ ಕೊರತೆ ತುಂಬುವುದು ಅದರ ಕೈಲಾಗದು. (ಬೀಟ್‌ರೂಟಿನ ಕೆಂಪು ಬರೀ ಬಣ್ಣ, ಕಬ್ಬಿಣವಲ್ಲ.)

ಇಷ್ಟು ಅವಸರವೇಕೆ? ತುಂಬುರಕ್ತದ ಹೆಂಗಸು ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಕಳೆದುಕೊಂಡರೂ ತಾಳಿಕೊಳ್ಳುತ್ತಾಳೆ. ಆರೇಳು ಗ್ರಾಂ ಇರುವವಳ ಹೃದಯ ಮೊದಲೇ ಓಡಿ ದಣಿದಿರುತ್ತದೆ, ಅಷ್ಟೇ ರಕ್ತ ಹೋದರೆ ಅವಳ ಜೀವಕ್ಕೆ ಕುತ್ತು. ಪಾಕಿಸ್ತಾನ, ನೈಜೀರಿಯಾ, ಟಾಂಜಾನಿಯಾ, ಜಾಂಬಿಯಾಗಳಲ್ಲಿ ರಕ್ತಹೀನತೆಯ 10,000ಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿಮೋಗ್ಲೋಬಿನ್ ಇಳಿದಷ್ಟೂ ರಕ್ತಸ್ರಾವವೂ ಸಾವಿನ ಅಪಾಯವೂ ಏರಿದವು. ರಕ್ತ ನಿಲ್ಲಿಸುವ ಟ್ರನೆಕ್ಸಾಮಿಕ್ ಆಮ್ಲವನ್ನು ಹೆರಿಗೆಯಾಗುತ್ತಿದ್ದಂತೆ ಕೊಟ್ಟರೂ ರಕ್ತಸ್ರಾವ ಗಣನೀಯವಾಗಿ ತಗ್ಗಲಿಲ್ಲ. ಹೆರಿಗೆ ಕೋಣೆಯಲ್ಲಿ ಸರಿಪಡಿಸಿಕೊಳ್ಳೋಣ ಎನ್ನುವ ಭರವಸೆಗೆ ಇದು ದೊಡ್ಡ ಪೆಟ್ಟು. ಇನ್ನು ಮಗು ತನಗೆ ಬೇಕಾದ್ದನ್ನು ತಾಯಿಯಿಂದ ಎಳೆದುಕೊಳ್ಳುತ್ತದೆ ಎಂಬ ಸಮಾಧಾನ. ಮಾಸು ಕಬ್ಬಿಣವನ್ನು ಹುರುಪಿನಿಂದಲೇ ಎಳೆಯುತ್ತದೆ ನಿಜ, ಆದರೆ ತಾಯಿಯ ಬಳಿ ಇಲ್ಲದ್ದನ್ನು ಎಲ್ಲಿಂದ ತಂದೀತು? ಅವಧಿಗೆ ಮುನ್ನ ಹುಟ್ಟುವ, ತೂಕ ಕಡಿಮೆಯಾಗುವ ಅಪಾಯದ ಜೊತೆಗೆ, ಮೊದಲ ನಾಲ್ಕಾರು ತಿಂಗಳಿಗೆಂದು ಮಗು ಹೊತ್ತು ತರುವ ಕಬ್ಬಿಣದ ದಾಸ್ತಾನೂ ಕುಗ್ಗುತ್ತದೆ. ಇದ್ದಷ್ಟು ಕಬ್ಬಿಣ ಮೊದಲು ರಕ್ತಕ್ಕೆ, ಆಮೇಲೆ ಮಿದುಳಿಗೆ. ಆದ್ದರಿಂದ ಹುಟ್ಟಿದಾಗ ಮಗುವಿನ ಹಿಮೋಗ್ಲೋಬಿನ್ ಸರಿಯಿದ್ದೂ ಬೆಳೆಯುವ ಮಿದುಳಿಗೆ ಕಬ್ಬಿಣ ಸಾಲದಿರಬಹುದು.

ಹಾಗಾದರೆ ಎಲ್ಲರಿಗೂ ಕಬ್ಬಿಣದ ಇಂಜೆಕ್ಷನ್ನೇ? ಅಲ್ಲ. ಮಲಾವಿಯಲ್ಲಿ ಬಸುರಿನ ನಡುವಿನ ತಿಂಗಳುಗಳಲ್ಲಿ ಇಂಜೆಕ್ಷನ್ ಮತ್ತು ಮಾತ್ರೆಗಳನ್ನು ಹೋಲಿಸಿದಾಗ, 36ನೇ ವಾರದ ಹೊತ್ತಿಗೆ ರಕ್ತಹೀನತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಮಯವಿದ್ದರೆ, ತಪ್ಪದೆ ನುಂಗಿದರೆ, ಮಾತ್ರೆಯೂ ಕೆಲಸ ಮಾಡುತ್ತದೆ. ತಡವಾಗಿ ಪತ್ತೆಯಾದವರಿಗೆ ನರಕ್ಕೆ ಕೊಡುವ ಕಬ್ಬಿಣವನ್ನೇ ಮೊದಲ ಚಿಕಿತ್ಸೆಯಾಗಿ ಪರಿಗಣಿಸಬಹುದೆಂದು 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮವೂ ಹೇಳುತ್ತದೆ. ಅದನ್ನು ಆಸ್ಪತ್ರೆಯ ನಿಗಾದಲ್ಲೇ ಕೊಡಬೇಕು. ಕೊನೆಯ ತಿಂಗಳುಗಳಲ್ಲಿ 7ಕ್ಕಿಂತ ಕೆಳಗಿದ್ದರೆ ದಾಖಲಾಗಲೇಬೇಕು. ಕಬ್ಬಿಣವೊಂದೇ ಕಾರಣವೂ ಅಲ್ಲ. 1928ರ ಕೊನೆಗೆ ಮುಂಬಯಿಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಬಡ ಗರ್ಭಿಣಿಯರ ಒಂದು ಬಗೆಯ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ತೋರಿಸಿದರು. ಅದರೊಳಗಿದ್ದದ್ದು ಫೋಲಿಕ್ ಆಮ್ಲವೆಂದು ಆಮೇಲೆ ತಿಳಿಯಿತು. ಥಲಸ್ಸೀಮಿಯಾ, ಜಂತುಹುಳು, ಬಿ12 ಕೊರತೆಗಳನ್ನೂ ಹುಡುಕಬೇಕು. ಮಾತ್ರೆ ನುಂಗಿದರೆ ಮಗು ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಹೆದರಿಕೆಗಂತೂ ಆಧಾರವಿಲ್ಲ. ಹೆರಿಗೆಯಾದ ಮೇಲೂ ಬಾಣಂತಿ 180 ದಿನ ಮಾತ್ರೆ ಮುಂದುವರಿಸಬೇಕು. ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾಯ್ದರೆ ಮಾಸಿನಲ್ಲಿ ಉಳಿದ ರಕ್ತ, ಅದರ ಕಬ್ಬಿಣದ ಸಮೇತ, ಮಗುವಿಗೆ ಸೇರುತ್ತದೆ. ಅದಕ್ಕೆ ಕಾಸೂ ಖರ್ಚಿಲ್ಲ.