ಬೆಂಡಿನ ತೊಗಟೆಯ ಬಾಕ್ಸ್‌ವುಡ್ ನಮ್ಮ ಬಿಸಿಲಿಗೆ ಬಾಳೀತೇ?

ಪ್ರಶ್ನೆ: ಬೆಂಡಿನಂಥ ತೊಗಟೆಯ ಪುಟ್ಟ ಬಾಕ್ಸ್‌ವುಡ್ ಬೋನ್ಸಾಯ್ ಬೆಳೆಸುವ ಆಸೆ. ಕಲಬುರಗಿಯಲ್ಲಿ ಸಾಧ್ಯವೇ? ಯಾವ ಮಣ್ಣು ಹಾಕಬೇಕು?

ಉತ್ತರ: ಸಾಧ್ಯ, ಬೇಸಿಗೆಯಲ್ಲಿ ಮಾತ್ರ ಜೋಪಾನ ಬೇಕು. ದಕ್ಷಿಣ ಚೀನಾ ಮೂಲದ ಹಾರ್ಲಂಡ್ ಬಾಕ್ಸ್‌ವುಡ್ ಆರಿಸಿಕೊಳ್ಳಿ. ಬಲಿತಂತೆ ಅದರ ತೊಗಟೆ ಉದ್ದುದ್ದ ಸೀಳಿ ಬೆಂಡಿನಂತಾಗುತ್ತದೆ. ಗಿಡ ಗೇಣುದ್ದವಿದ್ದರೂ ಹಳೆಯ ಮರದ ಗಾಂಭೀರ್ಯ ಬರುತ್ತದೆ.

ಕಲಬುರಗಿಯ ಎರೆಮಣ್ಣು ಕುಂಡಕ್ಕೆ ಬೇಡ. ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಬೇರಿಗೆ ಎರಡೂ ಕೇಡು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕೆಂಪು ಮಣ್ಣನ್ನು ಜರಡಿ ಹಿಡಿದು, ಇಟ್ಟಿಗೆ ಚೂರು ಮತ್ತು ಎಲೆಗೊಬ್ಬರ ಬೆರೆಸಿ. ನೀರು ನಿಲ್ಲದೆ ಬಸಿಯಬೇಕು. ಸುಣ್ಣದ ಅಂಶವಿರುವ ಬೋರ್‌ವೆಲ್ ನೀರನ್ನೂ ಬಾಕ್ಸ್‌ವುಡ್ ಒಂದು ಮಟ್ಟಿಗೆ ತಾಳುತ್ತದೆ.

ಬಿಸಿಲು 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ಬೆಳಗಿನ ಎಳೆಬಿಸಿಲು ಸಾಕು. ಮಧ್ಯಾಹ್ನ ನೆರಳುಬಲೆ ಕಟ್ಟಿ. ಕಾಂಡ ದಪ್ಪವಾಗುವವರೆಗೆ ದೊಡ್ಡ ಕುಂಡದಲ್ಲೇ ಬೆಳೆಸಿ, ಬುಡದ ಒಂದು ಟೊಂಗೆಯನ್ನು ಉದ್ದಕ್ಕೆ ಬಿಟ್ಟು ಆಮೇಲೆ ಕತ್ತರಿಸಿ. ಕಾಂಡಕ್ಕೆ ತಂತಿ ಸುತ್ತಬೇಡಿ, ಬ್ರಷ್‌ನಿಂದ ಉಜ್ಜಬೇಡಿ. ಉದುರಿದ ಬೆಂಡು ಮರಳಿ ಕಟ್ಟಲು ವರ್ಷಗಳೇ ಬೇಕು. ಎಲೆ ವಿಷಕಾರಿ, ಆಡು-ಆಕಳಿಗೆ ಸಿಗದಂತೆ ಇಡಿ.