ಹಿಟ್ಟು ಮೊದಲೇ ಬಂದಿರುತ್ತೆ

ಮುಳಬಾಗಿಲಿನ ದೋಸೆ ಹೋಟೆಲ್ ನೋಡಿ. ಹಿಟ್ಟು ರಾತ್ರಿಯೇ ಹುದುಗಿ ಸಿದ್ಧ. ಗಿರಾಕಿ ಹೇಳಿದ ಮೇಲೇ ಕಾವಲಿ ಮೇಲೆ ಸೌಟು ತಿರುಗೋದು. ಚುಂಯ್!

ಬೆಳೆಯೋ ನರಕೋಶದಲ್ಲೂ ಹೀಗೇ. ದೊಡ್ಡವರಲ್ಲಿ ಸೊಂಟದಿಂದ ಕಾಲ್ಬೆರಳಿಗೆ ಹೋಗೋ ನರಕೋಶದ ಒಂದೇ ಎಳೆ ಸುಮಾರು 1 ಮೀಟರ್ ಉದ್ದ. ಬೇಕಾದ ಪ್ರೋಟೀನೆಲ್ಲ ಕೋಶದ ಒಡಲಿಂದಲೇ ಬರಲಿ ಅಂದ್ರೆ ತುದಿ ದಿನಗಟ್ಟಲೆ ಕಾಯಬೇಕು. ಅದಕ್ಕೇ ಕೋಶ ಪ್ರೋಟೀನ್ ಕಟ್ಟೋ ಸೂಚನೆ ಹೊತ್ತ ಎಂಆರ್‌ಎನ್‌ಎಯನ್ನ ಮೊದಲೇ ತುದಿಗೆ ಕಳಿಸಿಟ್ಟಿರುತ್ತೆ. ಅದೇ ಹಿಟ್ಟು.

ಆರ್ಡರ್ ಕೊಡೋದು ಬೆಳವಣಿಗೆ ಅಂಶಗಳು. ಅವುಗಳಲ್ಲೊಂದಾದ ಬಿಡಿಎನ್‌ಎಫ್ ಬಂದು ಕೋಶದ ಮೈಮೇಲಿನ ಟ್ರ್ಯಾಕ್-ಬಿ ಗ್ರಾಹಕಕ್ಕೆ ಕೂತ್ಕೊಂಡ್ರೆ ಒಳಗೆ ಎಂಟಾರ್ ಅನ್ನೋ ಪ್ರೋಟೀನ್ ಎಚ್ಚರವಾಗುತ್ತೆ, ರೈಬೋಸೋಮ್‌ಗಳು ಅಲ್ಲೇ ಪ್ರೋಟೀನ್ ಕಟ್ಟುತ್ತವೆ. ಎಳೆ ಮುಂದಕ್ಕೆ ಚಾಚುತ್ತೆ.

ಇಂಥ ಮೊದಲ ಅಂಶ ಎನ್‌ಜಿಎಫ್ ಕಂಡುಹಿಡಿದವರು ರೀಟಾ ಲೆವಿ-ಮೊಂತಾಲ್ಚಿನಿ. ಯುದ್ಧಕಾಲದ ಇಟಲಿಯಲ್ಲಿ ಮಲಗೋ ಕೋಣೆಯನ್ನೇ ಲ್ಯಾಬ್ ಮಾಡ್ಕೊಂಡು ಕೋಳಿಮೊಟ್ಟೆಯ ಭ್ರೂಣಗಳನ್ನ ಪರೀಕ್ಷಿಸಿದ್ದ ಹೆಣ್ಣುಮಗಳು! 1986ರಲ್ಲಿ ನೊಬೆಲ್ ಬಂತು.

ಆರ್ಡರ್ ಇಲ್ಲದಾಗ ಒಲೆ ಆರಿರಬೇಕು. ಆ ಕಾವಲು ಎಫ್‌ಎಂಆರ್‌ಪಿ ಅನ್ನೋ ಪ್ರೋಟೀನಿನದು. ಅದಿಲ್ಲದಿದ್ರೆ ಪ್ರೋಟೀನ್ ತಯಾರಿ ಹಿಡಿತ ತಪ್ಪುತ್ತೆ, ಮಗುವಿಗೆ ಮಾತು, ಕಲಿಕೆ ತಡವಾಗಿಸೋ ಫ್ರಜೈಲ್ ಎಕ್ಸ್ ಅನ್ನೋ ತೊಂದರೆ ಬರುತ್ತೆ.

ಕೋಲಾರ, ಮಾಲೂರು, ಶ್ರೀನಿವಾಸಪುರದ ಅಪ್ಪ-ಅಮ್ಮಂದಿರೇ, ಮಗುವಿಗೆ ಮಾತು, ಕಲಿಕೆ ತಡವಾಗ್ತಿದ್ರೆ 'ಆಮೇಲೆ ನೋಡೋಣ' ಅನ್ಬೇಡಿ. ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ.