ಹೊಳೆದಂಡೆಯ ಊರಿಗೆ ಮಳೆನೀರಿನ ಲೆಕ್ಕ

ಕಪಿಲೆ ಉಕ್ಕಿದಳೆಂದರೆ ನಂಜನಗೂಡಿನ ಹದಿನಾರು ಕಾಲು ಮಂಟಪದ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. 2018, 2019 ಮತ್ತು 2024ರಲ್ಲಿ ಮಂಟಪ ಮುಳುಗಿತು. ಮಲ್ಲನಮೂಲೆ ಮಠದ ಬಳಿ ಮೈಸೂರು ಹೆದ್ದಾರಿಯ ಮೇಲೆಯೇ ನೀರು ನಿಂತು ವಾಹನಗಳು ಬಳಸುದಾರಿ ಹಿಡಿಯಬೇಕಾಯಿತು. ಇವುಗಳ ನಡುವೆ 2023 ಎಂಬ ವರ್ಷವೂ ಬಂದು ಹೋಯಿತು. ಆಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಒಂದು ವರ್ಷ ಬರ, ಮರುವರ್ಷ ಪ್ರವಾಹ. ಇಂಥ ಊರಿನವರಿಗೆ ಮಳೆನೀರು ಹಿಡಿದಿಡಿ ಎಂದರೆ ಕೇಳುವ ಪ್ರಶ್ನೆ ಒಂದೇ: ‘ಹೊಳೆಯೇ ಪಕ್ಕದಲ್ಲಿರುವಾಗ ಇದೆಲ್ಲ ಯಾಕೆ ಸಾರ್?’

ಪ್ರಶ್ನೆ ಸರಿಯಾದದ್ದೇ. ಉತ್ತರಕ್ಕೆ ಮೊದಲು ಮಂಟಪವನ್ನು ಮುಳುಗಿಸಿದ ನೀರು ಯಾರ ಮಳೆ ಎಂದು ನೋಡಬೇಕು. ಅದು ನಮ್ಮ ಊರಿನ ಮಳೆಯಲ್ಲ. ಕಪಿಲೆ ಅಥವಾ ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಮುಂಗಾರು ಬಿರುಸಾಗಿ ಸುರಿದು, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಅಣೆಕಟ್ಟು ತುಂಬಿ, ಬಾಗಿಲು ತೆರೆದಾಗ ನಮ್ಮಲ್ಲಿ ನೆರೆ. 1974ರಲ್ಲಿ ಮುಗಿದ ಆ ಜಲಾಶಯದಲ್ಲಿ ನಿಲ್ಲುವುದು 19.52 ಟಿ.ಎಂ.ಸಿ. ನೀರು. ಇದೆಲ್ಲ ನಡೆಯುವುದು ಹೆಚ್ಚಾಗಿ ಜುಲೈ–ಆಗಸ್ಟ್ ತಿಂಗಳಲ್ಲಿ, ರೈತರ ಲೆಕ್ಕದಲ್ಲಿ ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳ ಕಾಲದಲ್ಲಿ.

ನಮ್ಮ ಸ್ವಂತ ಮಳೆಯ ಪಂಚಾಂಗವೇ ಬೇರೆ. ಮೈಸೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 700ರಿಂದ 800 ಮಿಲಿಮೀಟರ್. ಅದು ಎರಡು ಸಲ ಜೋರಾಗುತ್ತದೆ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಭರಣಿ, ಕೃತ್ತಿಕೆ. ಮತ್ತೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಉತ್ತರೆ, ಹಸ್ತ, ಚಿತ್ತೆ. ಈ ಮಳೆಗಳು ದಿನವಿಡೀ ಹನಿಯುವಂಥವಲ್ಲ. ಸಂಜೆ ಕವಿದು, ಒಂದು ಗಂಟೆ ಹೊಡೆದು, ನಿಂತುಬಿಡುತ್ತವೆ. ಆ ಒಂದು ಗಂಟೆಯ ನೀರು ಎಲ್ಲಿಗೆ ಹೋಯಿತು ಎಂಬುದೇ ಇಲ್ಲಿಯ ವಿಷಯ.

ವಿದ್ಯಾರ್ಥಿಗಳು ಪೆನ್ಸಿಲು ತೆಗೆದುಕೊಳ್ಳಲಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಇದೊಂದು ನೆನಪಿದ್ದರೆ ಉಳಿದದ್ದು ಬರೀ ಗುಣಾಕಾರ. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಅದರ ಮೇಲೆ ಒಂದು ಸಂಜೆ 40 ಮಿ.ಮೀ. ಮಳೆ ಬಿದ್ದರೆ 4 ಲಕ್ಷ ಲೀಟರ್. ಆ ಜಾಗ ಉತ್ತ ಹೊಲವಾಗಿದ್ದರೆ ಐದನೆಯ ಒಂದು ಪಾಲು, ಅಂದರೆ ಸುಮಾರು 80,000 ಲೀಟರ್ ಹೊರಗೆ ಹರಿದೀತು, ಉಳಿದದ್ದು ಮಣ್ಣಿಗೆ. ಅದೇ ಹೆಕ್ಟೇರಿಗೆ ಬಡಾವಣೆ ಬಂದು, ಕಾಂಕ್ರೀಟು ರಸ್ತೆ, ತಾರಸಿ, ಸಿಮೆಂಟಿನ ಅಂಗಳ ಆಯಿತೆನ್ನಿ. ಆಗ ಹತ್ತರಲ್ಲಿ ಎಂಟೊಂಬತ್ತು ಪಾಲು ಹರಿಯುತ್ತದೆ. ಒಂಬತ್ತು ಎಂದು ಹಿಡಿದರೆ 3 ಲಕ್ಷ 60 ಸಾವಿರ ಲೀಟರ್! ಬೀಳುವ ಪಾಲಿನಲ್ಲಿ ಹರಿದುಹೋಗುವ ಈ ಅಂಶಕ್ಕೆ ಎಂಜಿನಿಯರುಗಳು ಹರಿವಿನ ಗುಣಾಂಕ ಎನ್ನುತ್ತಾರೆ. ಮಳೆ ಬದಲಾಗಲಿಲ್ಲ, ಮೋಡ ಬದಲಾಗಲಿಲ್ಲ, ನೆಲದ ಮೈ ಮಾತ್ರ ಬದಲಾಯಿತು. ಚರಂಡಿಗೆ ಬರುವ ನೀರು ನಾಲ್ಕೂವರೆ ಪಟ್ಟಾಯಿತು.

ಆ ನೀರು ಸುಮ್ಮನೆ ಹೋಗುವುದೂ ಇಲ್ಲ. ರಸ್ತೆಯ ಎಣ್ಣೆ, ಸಗಣಿ, ಪ್ಲಾಸ್ಟಿಕ್ಕು, ಕೆಲವೆಡೆ ಮೋರಿಯ ಕೊಳೆ, ಎಲ್ಲವನ್ನೂ ಗುಡಿಸಿಕೊಂಡು ಹೊಳೆ ಸೇರುತ್ತದೆ. ಮೈಸೂರು ನಗರದ ದಕ್ಷಿಣ ಭಾಗದ ಕೊಚ್ಚೆಯೂ ದಳವಾಯಿ ಕೆರೆಯ ದಾರಿ ಹಿಡಿದು ಕಪಿಲೆಯ ಕಡೆಗೇ ಬರುತ್ತದೆ. ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. 1989ರಿಂದ ಕುಂಭಮೇಳ ನಡೆಯುತ್ತಿರುವ ಸಂಗಮ ಅದು. 2025ರ ಫೆಬ್ರವರಿಯಲ್ಲೂ ಜನ ಅಲ್ಲಿ ಮಿಂದರು. ಮೇಲಿನ ಊರಿನವರು ಚರಂಡಿಗೆ ಬಿಟ್ಟದ್ದು ಕೆಳಗಿನ ಊರಿನವರ ತೀರ್ಥವಾಗುತ್ತದೆ ಎಂದು ಇನ್ನೂ ಬಿಡಿಸಿ ಹೇಳಬೇಕಿಲ್ಲ. ಕೊಳೆಯಾದ ಆ ಹೊಳೆಯ ನೀರನ್ನೇ ಮತ್ತೆ ಪಂಪಿನಲ್ಲಿ ಎತ್ತಿ, ಶುದ್ಧಿ ಮಾಡಿ, ನಲ್ಲಿಗೆ ಬಿಡಲು ವಿದ್ಯುತ್ತು, ಆಲಂ, ಕ್ಲೋರಿನ್ ಬೇಕು. ತಾರಸಿಯ ಮೇಲೆ ಪುಕ್ಕಟೆ ಬಂದು ಬಿದ್ದ ನೀರನ್ನು ಹೊಳೆಗೆ ಕಳಿಸಿ, ಕಾಸು ಕೊಟ್ಟು ವಾಪಸು ತರಿಸಿಕೊಳ್ಳುವ ವ್ಯಾಪಾರವಿದು.

ಇನ್ನೊಂದು ಸೂಕ್ಷ್ಮವಿದೆ. ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ಎಂದು ಐದನೆಯ ತರಗತಿಯ ಹುಡುಗನಿಗೂ ಗೊತ್ತು. ಆದರೆ ಹೊಳೆಯ ಮಟ್ಟವೇ ಚರಂಡಿಯ ಬಾಯಿಗಿಂತ ಮೇಲೇರಿದರೆ? ಆಗ ಊರಿನ ಮಳೆ ಹೊಳೆಗೆ ಇಳಿಯಲಾರದು; ಹೊಳೆಯೇ ಚರಂಡಿಯೊಳಗೆ ಹಿಮ್ಮೆಟ್ಟುತ್ತದೆ. ಕಪಿಲೆ ತುಂಬಿರುವಾಗ ಊರಿನ ಮೇಲೂ ಒಂದು ಜೋರು ಮಳೆ ಬಿದ್ದರೆ ತಗ್ಗಿನ ಬೀದಿಗಳಿಗೆ ಎರಡು ಕಡೆಯಿಂದಲೂ ಹೊಡೆತ. ಇದಕ್ಕೆ ಚರಂಡಿಯನ್ನು ಅಗಲ ಮಾಡುವುದು ಪರಿಹಾರವಲ್ಲ. ಏರಿನ ಮೇಲಿನ ಮನೆ, ಶಾಲೆ, ಕಚೇರಿಗಳು ತಮ್ಮ ನೀರನ್ನು ತಾವೇ ಕೆಲವು ಗಂಟೆಯಾದರೂ ಹಿಡಿದಿಟ್ಟುಕೊಳ್ಳಬೇಕು.

ಶಾಲೆಯ ಸೂರು

ಹಿಡಿದಿಡುವುದು ಎಂದರೆ ದೊಡ್ಡ ತೊಟ್ಟಿ ಕಟ್ಟಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ತೊಟ್ಟಿ ಎಷ್ಟು ದೊಡ್ಡದಿರಬೇಕೆಂದು ಹೇಳುವುದು ವರ್ಷದ ಒಟ್ಟು ಮಳೆಯಲ್ಲ; ಒಂದು ಮಳೆಗೂ ಇನ್ನೊಂದಕ್ಕೂ ಇರುವ ಅಂತರ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ 1995ರಲ್ಲಿ ಮನೆ ಕಟ್ಟಿದಾಗ ಹಿಂದಿನ ಮಳೆಯ ದಾಖಲೆಗಳನ್ನು ತಿರುವಿ ಹಾಕಿ ಈ ಅಂತರವನ್ನೇ ಹುಡುಕಿದರು. ಒಳ್ಳೆಯ ಎರಡು ಮಳೆಗಳ ನಡುವೆ ಹೆಚ್ಚೆಂದರೆ ನೂರು ದಿನ ಎಂದು ಕಂಡಿತು. ಸಂಸಾರಕ್ಕೆ ದಿನಕ್ಕೆ 400 ಲೀಟರ್ ಸಾಕು. ನೂರನ್ನು ನಾನೂರರಿಂದ ಗುಣಿಸಿದರೆ ಸಂಗ್ರಹದ ಅಳತೆ ಸಿಕ್ಕಿತು. ಅವರ ಮನೆಗೆ ನಲ್ಲಿಯ ಸಂಪರ್ಕವೇ ಬೇಕಾಗಲಿಲ್ಲ. ಮುಂದೆ 2009ರಲ್ಲಿ ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ ಕಾಯಿದೆಯಾಗಿ ಬಂತು.

ನಮ್ಮ ತಾಲ್ಲೂಕಿನ ಒಂದು ಸಾಧಾರಣ ಶಾಲೆಯನ್ನು ತೆಗೆದುಕೊಳ್ಳಿ. ಸೂರಿನ ವಿಸ್ತೀರ್ಣ 300 ಚದರ ಮೀಟರ್, ಮಕ್ಕಳು 200. ಒಂದು ಸಂಜೆ 25 ಮಿ.ಮೀ. ಮಳೆ ಬಂದರೆ 7,500 ಲೀಟರ್. ಆವಿ, ಸೋರಿಕೆ, ಚಿಮ್ಮಿ ಹೋದದ್ದು ಕಳೆದು 6,000 ಉಳಿದೀತು. ಶೌಚಾಲಯಕ್ಕೆ, ಕೈ ತೊಳೆಯಲಿಕ್ಕೆ ಮಗುವಿಗೆ ದಿನಕ್ಕೆ 10 ಲೀಟರ್ ಎಂದರೆ ಶಾಲೆಗೆ 2,000. ಒಂದು ಮಳೆ ಮೂರು ದಿನದ ಖರ್ಚು ನೋಡಿಕೊಂಡಿತು. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿಲ್ಲವೆಂದರೆ ಏನಾಗುತ್ತದೆ ಎಂದು ತಾಯಂದಿರಿಗೆ ಗೊತ್ತು. ಆದ್ದರಿಂದ ಈ ಮೂರು ದಿನ ಸಣ್ಣದಲ್ಲ.

ಆದರೆ ಇಲ್ಲೊಂದು ತಮಾಷೆ ಇದೆ. ವರ್ಷದ ಒಳ್ಳೆಯ ಮಳೆ ಮೇ ತಿಂಗಳಲ್ಲಿ ಬೀಳುತ್ತದೆ. ಶಾಲೆಗೆ ಆಗ ಬೇಸಿಗೆ ರಜೆ! ಸೂರಿನ ಮೇಲೆ ನಾಲ್ಕು ತಿಂಗಳ ಧೂಳು, ತರಗೆಲೆ, ಹಕ್ಕಿ ಹಿಕ್ಕೆ. ತೊಟ್ಟಿಯ ಮುಚ್ಚಳ ತೆಗೆಯುವವರಿಲ್ಲ, ಮೊದಲ ಮಳೆಯ ನೀರನ್ನು ಹೊರಗೆ ಬಿಡುವವರಿಲ್ಲ. ಅನೇಕ ಕಡೆ ಕೊಳವೆ ಕೂಡಿಸಿ ಉದ್ಘಾಟನೆ ಮಾಡಿದ ವ್ಯವಸ್ಥೆ ಮರುವರ್ಷ ಕೆಟ್ಟು ಕೂರುವುದು ಇಂಥ ಕಾರಣಕ್ಕೇ, ವಿಜ್ಞಾನದ ಕೊರತೆಯಿಂದಲ್ಲ. ಏಪ್ರಿಲ್ ಮೊದಲ ವಾರ, ಪರೀಕ್ಷೆ ಮುಗಿದ ಕೂಡಲೇ ಸೂರು ಗುಡಿಸಬೇಕು. ಮೊದಲ ಒಂದು ಮಿಲಿಮೀಟರ್ ನೀರು ತಾನಾಗಿಯೇ ಬೇರೆಯಾಗುವಂತೆ ಕೊಳವೆಗೆ 300 ಲೀಟರಿನ ಪೀಪಾಯಿ ಜೋಡಿಸಬೇಕು. ಅದು ತುಂಬಿದ ಮೇಲಷ್ಟೇ ನೀರು ಮರಳು–ಜಲ್ಲಿಯ ಸೋಸುಗವನ್ನು ಹಾದು ತೊಟ್ಟಿಗೆ ಹೋಗಲಿ. ಪೀಪಾಯಿಯ ಬುಡದಲ್ಲಿ ಸಣ್ಣ ತೂತಿದ್ದರೆ ಮುಂದಿನ ಮಳೆಯ ಹೊತ್ತಿಗೆ ಅದು ತಾನೇ ಖಾಲಿಯಾಗಿರುತ್ತದೆ. ತೊಟ್ಟಿ 20,000 ಲೀಟರಿನದಾದರೆ ಹತ್ತು ದಿನಕ್ಕೆ ಬಂತು. ತುಂಬಿ ಹೆಚ್ಚಾದದ್ದು ಇಂಗುಗುಂಡಿಗೆ. ಈ ನೀರನ್ನು ಕುದಿಸದೆ, ಪರೀಕ್ಷೆ ಮಾಡಿಸದೆ ಕುಡಿಯಕೂಡದು ಎಂಬುದನ್ನು ನಲ್ಲಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರಬೇಕು.

ಗುಂಡಿ ಎಲ್ಲಿ ತೋಡಬೇಕು?

ಇಂಗುಗುಂಡಿ ಎಂಬುದು ಈಗ ಮಂತ್ರದಂತಾಗಿದೆ. ಎಲ್ಲೆಡೆ ಒಂದೇ ನಕ್ಷೆ. ನನಗೆ ಇದು ಒಪ್ಪಿಗೆಯಿಲ್ಲ. ನಂಜನಗೂಡು ತಾಲ್ಲೂಕಿನ ಏರುಭೂಮಿಯಲ್ಲಿ, ಕೆಂಪು ಮಣ್ಣು ಇದ್ದು ಕೊಳವೆಬಾವಿಗಳೇ ಗತಿಯಾಗಿರುವಲ್ಲಿ, ಗುಂಡಿಯಿಂದ ಲಾಭವಿದೆ. ತಿ. ನರಸೀಪುರದ ನಾಲೆ ಬಯಲಿನಲ್ಲಿ ಭತ್ತದ ಗದ್ದೆಗಳ ನಡುವೆ ಮಳೆಗಾಲದಲ್ಲಿ ನಾಲ್ಕಡಿ ತೋಡಿದರೆ ಕೆಳಗಿನಿಂದಲೇ ನೀರು ಬರಬಹುದು. ಅಲ್ಲಿ ಗುಂಡಿ ತೋಡಿದರೆ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತೆ. ಅಂಥಲ್ಲಿ ನೆಲದ ಮೇಲಿನ ತೊಟ್ಟಿಯೇ ಲೇಸು. ಪರೀಕ್ಷೆ ಸುಲಭ: ಮೂರಡಿ ಗುಂಡಿ ತೋಡಿ, ನೀರು ತುಂಬಿ, ಒಂದು ಕಡ್ಡಿ ನೆಟ್ಟು ಗಂಟೆಗೆಷ್ಟು ಇಳಿಯಿತೆಂದು ಗುರುತು ಹಾಕಿ. ಎರಡು ದಿನವಾದರೂ ನಿಂತಿದ್ದರೆ ಅಲ್ಲಿ ಇಂಗಿಸುವ ಯೋಚನೆ ಬಿಡಿ. ರಸ್ತೆಯ ನೀರನ್ನು ಅಥವಾ ಕೈಗಾರಿಕಾ ಪ್ರದೇಶದ ಅಂಗಳದ ನೀರನ್ನು ನೇರವಾಗಿ ಕೊಳವೆಬಾವಿಗೆ ಇಳಿಸುವುದಂತೂ ಸರ್ವಥಾ ಕೂಡದು. ಒಮ್ಮೆ ಅಂತರ್ಜಲ ಕೆಟ್ಟರೆ ತೊಳೆಯಲು ಆಗುವುದಿಲ್ಲ.

ರಸ್ತೆ ನೀರಿಗೆ ಹಿಂದಿನವರ ಏರ್ಪಾಡೇ ಇತ್ತು. ಏರಿನ ನೀರು ಕಾಲುವೆಯಲ್ಲಿ ಬಂದು ಕೆರೆ ಸೇರುವುದು, ಹೂಳು ಅಂಚಿನಲ್ಲಿ ಕೂರುವುದು, ಕೋಡಿ ಬಿದ್ದರೆ ಕೆಳಗಿನ ಕೆರೆಗೆ. ತೂಬು ನೋಡಿಕೊಳ್ಳಲು ನೀರುಗಂಟಿ ಇದ್ದ. ಸಿಂಗಪುರದಲ್ಲಿ ಇಂದು ದೇಶದ ಮೂರರಲ್ಲಿ ಎರಡು ಭಾಗದ ನೆಲದ ಮಳೆಯನ್ನು ಚರಂಡಿ, ಕಾಲುವೆಗಳ ಮೂಲಕ ಜಲಾಶಯಗಳಿಗೆ ತರುತ್ತಾರೆ. 2008ರಲ್ಲಿ ಊರಿನ ನಡುವೆಯೇ ಮರೀನಾ ಒಡ್ಡು ಕಟ್ಟಿದರು. ಅಲ್ಲಿ ನಮ್ಮ ಮೂರು ಪಟ್ಟು ಮಳೆ, ಹಣವೂ ಹೇರಳ, ಹೋಲಿಕೆ ಪೂರ್ತಿ ಸರಿಯಲ್ಲ. ಆದರೆ ಮಳೆಯ ಚರಂಡಿ ಬೇರೆ, ಕೊಳೆಯ ಚರಂಡಿ ಬೇರೆ ಎಂಬ ಮೊದಲ ಪಾಠಕ್ಕೆ ಹಣಕ್ಕಿಂತ ಹಟ ಬೇಕು. ಪುರಸಭೆಯವರು ಹೊಸ ಬಡಾವಣೆಯ ನಕ್ಷೆ ಒಪ್ಪುವಾಗ ಈ ಒಂದನ್ನು ಕೇಳಿದರೂ ಅರ್ಧ ಕೆಲಸ ಆದಂತೆ.

ಮಕ್ಕಳಿಗೆ ಮನೆಯಲ್ಲೇ ಮಾಡುವ ಕೆಲಸ ಉಂಟು. ಬಾಯಿಯೂ ಬುಡವೂ ಒಂದೇ ಅಗಲವಿರುವ ಡಬ್ಬಿಯನ್ನು ಮರ, ಗೋಡೆಗಳಿಂದ ದೂರ ಇಡಿ. ಮಳೆ ನಿಂತ ಕೂಡಲೇ ಸ್ಕೇಲು ಇಳಿಸಿ ಅಳೆದು, ದಿನಾಂಕದೊಂದಿಗೆ ಬರೆದುಕೊಳ್ಳಿ. ನಿಮ್ಮ ತಾರಸಿಯ ಉದ್ದಗಲ ಗುಣಿಸಿ. ಎರಡು ಮಳೆಗಳ ನಡುವೆ ಎಷ್ಟು ದಿನ ಹೋಯಿತೆಂದು ಪಕ್ಕದ ಕಾಲಮಿನಲ್ಲಿ ಗುರುತಿಸಿ. ಭರಣಿಯಿಂದ ಸ್ವಾತಿಯವರೆಗೆ ಬರೆದ ಒಂದು ನೋಟ್‌ಬುಕ್ ಇದ್ದರೆ, ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂದು ಗಾರೆ ಕೆಲಸದವರನ್ನು ಕೇಳಬೇಕಾಗುವುದಿಲ್ಲ.